ಹಳಿ ಎರಡಿದ್ದರೂ ನಮ್ಮ ಗಾಡಿ ಯಾಕೆ ಕಾಯಬೇಕು?

ಎಡ ಕಿಟಕಿ:

ಕುಂಬಳೆಯಿಂದ ಒಳಗೆ, ಸೀತಾಂಗೋಳಿ ದಾಟಿದ ಮೇಲೆ ನಮ್ಮ ಮನೆ. ಕೆಲಸ ಮಂಗಳೂರಿನ ಒಂದು ಲ್ಯಾಬಿನಲ್ಲಿ. ಹನ್ನೊಂದು ವರ್ಷದಿಂದ ಸೀಸನ್ ಟಿಕೆಟು, ಅದೇ ಗಾಡಿ, ಸಿಕ್ಕಿದರೆ ಅದೇ ಎಡಬದಿಯ ಕಿಟಕಿ. ರೈಲಿನ ಬಗ್ಗೆ ನನಗೆ ಗೊತ್ತಿರುವುದು ಆ ಕಿಟಕಿಯಿಂದ ಕಂಡಷ್ಟೇ.

ಸಂಜೆ ವಾಪಸ್ ಬರುವಾಗ ದಾರಿಯಲ್ಲಿ ಒಂದು ಸ್ಟೇಷನ್. ಹೆಸರು ಬೇಡ, ದಿನಾ ಓಡಾಡುವವರಿಗೆ ಗೊತ್ತು. ಅಲ್ಲಿ ನಮ್ಮ ಗಾಡಿ ಮೆಲ್ಲ ಬದಿಯ ಹಳಿಗೆ ಸರಿದು ನಿಲ್ಲುತ್ತದೆ. ಫ್ಯಾನಿನ ಶಬ್ದ ಕೇಳಿಸಲು ಶುರುವಾಗುತ್ತದೆ. ಯಾರದೋ ಫೋನಿನಲ್ಲಿ ಚೆಂಡೆ. ಏಳೆಂಟು ನಿಮಿಷ ಏನೂ ಆಗುವುದಿಲ್ಲ. ಮತ್ತೆ ಪಕ್ಕದ ಹಳಿಯಲ್ಲಿ ದೊಡ್ಡ ಗಾಡಿಯೊಂದು ಧಡಧಡ ಹೋಗುತ್ತದೆ. ಹೋಯ್ತಲ್ಲ, ಇನ್ನು ಹೊರಡಬಹುದು ಅಂದುಕೊಂಡರೆ ಇಲ್ಲ. ಇನ್ನೂ ಆರು ನಿಮಿಷ. ಗಡಿಯಾರ ನೋಡಿ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಹೆಚ್ಚಿನ ದಿನ ಒಟ್ಟು 14 ನಿಮಿಷ.

14 ನಿಮಿಷ ಎಂತ ಮಹಾ ಅಂತ ಕೇಳಬಹುದು. ನಾನು ಇಳಿದು ರಸ್ತೆಗೆ ಬರುವಾಗ ಬದಿಯಡ್ಕ ಕಡೆಯ ಬಸ್ಸು ಹೋಗಿ ಆಗಿರುತ್ತದೆ. ಮುಂದಿನದಕ್ಕೆ ಮುಕ್ಕಾಲು ಗಂಟೆ. ಮಗು ಪಕ್ಕದ ಮನೆಯಲ್ಲಿ ಯೂನಿಫಾರ್ಮಿನಲ್ಲೇ ನಿದ್ದೆ ಹೋಗಿರುತ್ತದೆ.

ಒಂಟಿ ಹಳಿಯ ಕಾಲದಲ್ಲಾದರೆ ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಬೇಕಿತ್ತು, ಒಪ್ಪುವ ಮಾತು. ಈಗ ಹೋಗಲು ಒಂದು, ಬರಲು ಒಂದು ಉಂಟು. ಕರೆಂಟು ಬಂತು. 2023ರಲ್ಲಿ ಕಾಸರಗೋಡಿಗೆ ವಂದೇ ಭಾರತ್ ಬಂತು. ನಮ್ಮ ಕಾಯುವಿಕೆ ಮಾತ್ರ ಹೋಗಲಿಲ್ಲ. ಗಾಡಿಯಲ್ಲಿ ಒಬ್ಬರು ಆಟೋಮ್ಯಾಟಿಕ್ ಸಿಗ್ನಲ್ ಬಂದರೆ ಎಲ್ಲ ಸರಿಯಾಗುತ್ತದೆ ಅನ್ನುತ್ತಾರೆ. ಇನ್ನೊಬ್ಬರಿಗೆ ಮೂರನೇ ಹಳಿಯೇ ಆಗಬೇಕು. ನಾವು ಕೆಲವರು ಸೇರಿ ಮನವಿ ಕೊಡುವ ಅಂತ ಇದ್ದೇವೆ. ಆದರೆ ಏನು ಕೇಳಬೇಕು ಅಂತಲೇ ಗೊತ್ತಿಲ್ಲ. ಆ ಗಾಡಿ ಬರುವ ಮೊದಲು ಅಷ್ಟು ಹೊತ್ತು ಯಾಕೆ? ಹೋದ ಮೇಲೂ ಯಾಕೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕೈಕಂಬ:

ನಾನು ಸಿಗ್ನಲ್ ವಿಭಾಗದಲ್ಲಿ ಮೇಂಟೇನರ್ ಆಗಿದ್ದು ನಿವೃತ್ತನಾದವನು. ಉಪ್ಪಳದ ಕೈಕಂಬದವನು ಅಂತ ತಿಳಿಯಬೇಡಿ, ಹಳೆಯ ಕೈ ಎತ್ತುವ ಸಿಗ್ನಲ್ ಕಂಬದ ನೆನಪಿಗೆ ಇಟ್ಟುಕೊಂಡ ಹೆಸರು ಇದು.

ಅಮ್ಮಾ, ನಿಮ್ಮ ಡೈರಿಯನ್ನು ನಮ್ಮ ಟ್ರೇನಿಂಗ್ ಸ್ಕೂಲಿನಲ್ಲಿ ಇಡಬೇಕಿತ್ತು. ಆ 14 ನಿಮಿಷದಲ್ಲಿ ಯಾರೂ ಮಲಗಿರುವುದಿಲ್ಲ. ಅದು ಎರಡು ತುಂಡು ಹಳಿಯ ಉದ್ದ. ಲೆಕ್ಕ ಹಾಕಿ ತೋರಿಸುತ್ತೇನೆ.

ಮಳೆಗಾಲದಲ್ಲಿ ತೋಡಿಗೆ ಅಡಿಕೆ ಮರದ ಸಂಕ ಹಾಕುತ್ತೇವಲ್ಲ. ಒಬ್ಬ ದಾಟಿ ಆಚೆ ದಡದಲ್ಲಿ ಎರಡೂ ಕಾಲು ಊರಿದ ಮೇಲೆಯೇ ಇನ್ನೊಬ್ಬ ಹತ್ತುವುದು. ಸಂಕ ಎಷ್ಟೇ ಉದ್ದ ಇರಲಿ, ನಡುವೆ ಎಷ್ಟೇ ಜಾಗ ಇರಲಿ, ಒಂದು ಹೊತ್ತಿಗೆ ಒಬ್ಬನೇ. ಅಬ್ಸಲ್ಯೂಟ್ ಬ್ಲಾಕ್ ಅನ್ನುವುದು ಇದನ್ನೇ. ಎರಡು ಸ್ಟೇಷನ್‌ಗಳ ನಡುವಿನ ಒಂದು ಹಳಿಯಲ್ಲಿ ಒಂದೇ ಗಾಡಿ. ಅದು ಪೂರ್ತಿ ಬಂದು ಸೇರಿತು ಅಂತ ಖಾತ್ರಿಯಾಗದೆ ಹಿಂದಿನ ಸ್ಟೇಷನ್ನಿಗೆ ಲೈನ್ ಕ್ಲಿಯರ್, ಅಂದರೆ ಇನ್ನೊಂದು ಗಾಡಿ ಬಿಡಲು ಒಪ್ಪಿಗೆ, ಸಿಗುವುದಿಲ್ಲ. ಖಾತ್ರಿ ಹೇಗೆ? ಕೊನೆಯ ಬೋಗಿಯ ಬೆನ್ನಿಗೆ ಎಲ್ ವಿ ಅಂತ ಬರೆದ ಹಲಗೆ ನೋಡಿದ್ದೀರಲ್ಲ, ರಾತ್ರಿಯಾದರೆ ಕೆಂಪು ದೀಪ. ಅದನ್ನು ಕಣ್ಣಾರೆ ಕಾಣಬೇಕು. ಕಾಣದಿದ್ದರೆ ನಡುವೆ ಎಲ್ಲೋ ಬೋಗಿ ಕಳಚಿಕೊಂಡಿದೆ ಅಂತಲೇ ಲೆಕ್ಕ. ಈಗ ಈ ಕೆಲಸವನ್ನು ಆಕ್ಸಲ್ ಕೌಂಟರ್ ಮಾಡುತ್ತದೆ. ಒಳಗೆ ಹೋದ ಚಕ್ರದ ಅಚ್ಚು ಎಷ್ಟು, ಹೊರಗೆ ಬಂದದ್ದು ಎಷ್ಟು ಅಂತ ಎಣಿಸುತ್ತದೆ. ಎರಡೂ ಸಮ ಆದರೆ ಮಾತ್ರ ಹಳಿ ಖಾಲಿ.

ಈಗ ನಿಮ್ಮ ಗಾಡಿಗೆ ಬನ್ನಿ. ಸ್ಟೇಷನ್‌ಗಳ ನಡುವೆ 10 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ನೀವು ಬದಿ ಹಳಿಗೆ ಪೂರ್ತಿ ಸೇರುವ ತನಕ ಬೆನ್ನ ಹಿಂದಿನ ದೊಡ್ಡ ಗಾಡಿಗೆ ಹಿಂದಿನ ಸ್ಟೇಷನ್ ದಾಟಲು ಆಗುವುದಿಲ್ಲ. ದಾಟಿತು ಅಂದರೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಿಮ್ಮ ತನಕ ಬರಲು 6 ನಿಮಿಷ. ಅದು ನಿಮ್ಮನ್ನು ದಾಟಿದ ಮೇಲೆ ಈಗ ಮುಂದಿನ ತುಂಡು ಅದರದ್ದು. ಅಲ್ಲಿಂದ ಹೊರಬರಲು ಮತ್ತೆ 6 ನಿಮಿಷ. ಅಲ್ಲಿಯ ತನಕ ನಿಮಗೆ ಹಸಿರೂ ಇಲ್ಲ, ಹಳದಿಯೂ ಇಲ್ಲ. ನಡುವೆ ಪಾಯಿಂಟ್, ಅಂದರೆ ಗಾಡಿಯನ್ನು ಹಳಿಯಿಂದ ಹಳಿಗೆ ದಾಟಿಸುವ ಜೋಡಣೆ, ತಿರುಗಿಸಲು, ಲೈನ್ ಕ್ಲಿಯರ್ ಕೇಳಲು, ಕೊಡಲು ಒಂದೆರಡು ನಿಮಿಷ. ಸೇರಿಸಿ ನೋಡಿ, 14.

ಹಳಿ ಎರಡಾದಾಗ ಎದುರು ಗಾಡಿಯ ಕಾಟ ಹೋಯಿತು, ಅಷ್ಟೇ. ಹಿಂದಿನಿಂದ ಬರುವವನ ಕಾಟ ಹಾಗೇ ಉಳಿಯಿತು. ನಿಜ ಹೇಳಬೇಕಾದರೆ ಜಾಸ್ತಿಯಾಯಿತು. ಎಲ್ಲ ಗಾಡಿಗಳೂ ಒಂದೇ ವೇಗದಲ್ಲಿ ಹೋದರೆ ಯಾರೂ ಯಾರನ್ನೂ ಹಿಂದೆ ಹಾಕಬೇಕಾಗಿಲ್ಲ. ನಿಮ್ಮದು ಊರೂರಲ್ಲಿ ನಿಲ್ಲುವ ಗಾಡಿ. ಬೆನ್ನಿಗೆ ಬರುವುದು ಕಾಸರಗೋಡಿನ ತನಕ ಎಲ್ಲೂ ನಿಲ್ಲದೇ ಇರಬಹುದು. ಈ ವ್ಯತ್ಯಾಸ ಹೆಚ್ಚಿದಷ್ಟು ಬದಿ ಹಳಿಯ ಸೇವೆ ಹೆಚ್ಚು.

ಇನ್ನು ಆಟೋಮ್ಯಾಟಿಕ್ ಸಿಗ್ನಲ್. ಇದು ಹೊಸತೇನೂ ಅಲ್ಲ, ಮುಂಬೈಯಲ್ಲಿ 1928ರಲ್ಲೇ ಬಂದದ್ದು. ಉದ್ದ ಸಂಕವನ್ನು ಕಿಲೋಮೀಟರಿಗೊಂದರಂತೆ ತುಂಡು ಮಾಡಿ ಪ್ರತಿ ತುಂಡಿನ ಬಾಯಲ್ಲಿ ಒಂದು ಸಿಗ್ನಲ್ ನಿಲ್ಲಿಸುತ್ತಾರೆ. ಗಾಡಿ ತುಂಡಿನೊಳಗೆ ಹೊಕ್ಕಿತೋ, ಹಿಂದಿನ ದೀಪ ತಾನಾಗಿ ಕೆಂಪು. ಅದಕ್ಕಿಂತ ಹಿಂದಿನದು ಒಂದು ಹಳದಿ, ಅದರ ಹಿಂದಿನದು ಎರಡು ಹಳದಿ, ಮತ್ತೆ ಹಸಿರು. ಸ್ಟೇಷನ್ ಮಾಸ್ಟರು ಫೋನ್ ಎತ್ತಬೇಕಾಗಿಲ್ಲ. ಆಗ ದೊಡ್ಡ ಗಾಡಿ 10 ಕಿಲೋಮೀಟರ್ ಹಿಂದೆ ನಿಂತು ಕಾಯಬೇಕಾಗಿಲ್ಲ, ನಾಲ್ಕೈದು ಕಿಲೋಮೀಟರ್ ಹಿಂದಿನ ತನಕ ಹಸಿರಲ್ಲೇ ಬರಬಹುದು. ಅದು ದಾಟಿ ಒಂದೆರಡು ಸಿಗ್ನಲ್ ಮುಂದೆ ಹೋದರೆ ನೀವೂ ಹಳದಿಯಲ್ಲಿ ಹೊರಡಬಹುದು. ನಿಮ್ಮ 14 ನಿಮಿಷ ಆರೋ ಏಳೋ ಆಗುತ್ತದೆ.

ಕಾಗದದ ಮೇಲೆ.

ನನ್ನ ಅನುಮಾನ ಎಂತ ಅಂದರೆ, ಹೀಗೆ ಉಳಿದ ನಿಮಿಷ ನಿಮ್ಮ ಕೈಗೆ ಬರುವುದು ಕಷ್ಟ. ತೋಟಕ್ಕೆ ನೀರು ಜಾಸ್ತಿ ಸಿಕ್ಕಿದರೆ ನಾವು ಇದ್ದ ಗಿಡಕ್ಕೆ ಹೆಚ್ಚು ಬಿಡುತ್ತೇವಾ? ಇನ್ನೂ ನಾಲ್ಕು ಸಾಲು ಸಸಿ ಇಡುತ್ತೇವೆ. ಹಾಗೆಯೇ ಜಾಗ ಆಯಿತು ಅಂದಕೂಡಲೇ ಇನ್ನೊಂದು ವೇಗದ ಗಾಡಿ, ಇನ್ನೆರಡು ಗೂಡ್ಸ್ ಬರುತ್ತವೆ. ಆಗ ನೀವು ಏಳು ನಿಮಿಷದಂತೆ ಎರಡು ಸಲ ನಿಲ್ಲುತ್ತೀರಿ.

ಮಂಜಕುಟ್ಟಿ:

ಇದೆಲ್ಲ ತೇಪೆ ಹಾಕುವ ಕೆಲಸ. ವೇಗದ ಗಾಡಿಗೆ ಬೇರೆಯೇ ಹಳಿ ಬೇಕು, ಮುಗಿಯಿತು.

ನಮ್ಮಲ್ಲಿ ಆ ಹೊಸ ವೇಗದ ಲೈನಿಗೆ ಅಂತ ಹಳದಿ ಕಲ್ಲು ನೆಟ್ಟದ್ದು ಎಲ್ಲರಿಗೂ ನೆನಪಿರಬಹುದು. ತಿರುವನಂತಪುರದಿಂದ ಕಾಸರಗೋಡಿಗೆ ಸುಮಾರು 530 ಕಿಲೋಮೀಟರ್, ಗಂಟೆಗೆ 200ರ ವೇಗ ಅಂತಿದ್ದರು. ಜನ ಕಲ್ಲು ಕಿತ್ತು ಎಸೆದರು. ನಾನೂ ಆಗ ವಿರೋಧ ಮಾಡಿದವನೇ, ಮನೆ ಹೋಗುತ್ತದೆ ಅಂತ. ಈಗ ಬದಿ ಹಳಿಯಲ್ಲಿ ಕೂತು ಸೊಳ್ಳೆ ಹೊಡೆಯುವಾಗ ಸ್ವಲ್ಪ ಪಶ್ಚಾತ್ತಾಪ ಆಗುತ್ತದೆ. ಸ್ವಲ್ಪ ಮಾತ್ರ.

ಕೈಕಂಬ:

ಅದು ಸ್ಟ್ಯಾಂಡರ್ಡ್ ಗೇಜಿನ ಯೋಜನೆ ಮಾರಾಯ್ರೆ. ನಮ್ಮದು ಬ್ರಾಡ್ ಗೇಜ್, ಹಳಿಗಳ ನಡುವಿನ ಅಂತರ ಅದಕ್ಕಿಂತ ಜಾಸ್ತಿ. ಈಗಿನ ಒಂದು ಗಾಡಿಯೂ ಅದರ ಮೇಲೆ ಹತ್ತುತ್ತಿರಲಿಲ್ಲ. ಕೊಂಕಣದಿಂದ ಬರುವ ಎಕ್ಸ್‌ಪ್ರೆಸ್ಸು, ಗೂಡ್ಸು ಎಲ್ಲ ಇದೇ ಹಳಿಯಲ್ಲಿ ನಮ್ಮ ಬೆನ್ನಿಗೇ ಬರುತ್ತಿದ್ದವು. ಪಶ್ಚಾತ್ತಾಪ ಬೇಡ.

ತೆಂಗಿನ ಸೋಗೆ:

ಗಾಡಿಯೊಳಗೆ ಕೂತವರು ಮಾತ್ರ ಜನ ಅಂತ ಉಂಟಾ ಇಲ್ಲಿ? ನಾನು ಗೇಟಿನ ಈಚೆ ಬದಿಯವನು. ನಮ್ಮ ಮನೆಗೂ ಹೆದ್ದಾರಿಗೂ ನಡುವೆ ಹಳಿ. ಆಟೋ ಓಡಿಸುತ್ತೇನೆ. ಹತ್ತು ನಿಮಿಷಕ್ಕೆ ಒಂದು ಗಾಡಿ ಬಿಟ್ಟರೆ ಗೇಟು ತೆಗೆಯುವುದು ಯಾವಾಗ? ಮೊನ್ನೆ ಒಂದು ಹೆರಿಗೆ ಕೇಸು ಕೂರಿಸಿಕೊಂಡು ಹೋಗುವಾಗ ಗೇಟು. ಒಂದು ಗಾಡಿ ಹೋಯಿತು, ತೆಗೆಯಲಿಲ್ಲ. ಎದುರಿನಿಂದ ಇನ್ನೊಂದು ಹೋದ ಮೇಲೆ ತೆಗೆದರು. ದೇವರ ದಯೆ, ಹೊತ್ತಿಗೆ ಮುಟ್ಟಿದೆವು. ಸಿಗ್ನಲ್ ಹೆಚ್ಚು ಮಾಡುವ ಮೊದಲು ಗೇಟಿಗೆ ಒಂದು ದಾರಿ ನೋಡಿ.

ಕೈಕಂಬ:

ಸೋಗೆಯವರು ಹೇಳುವುದು ನ್ಯಾಯ. ಇದನ್ನು ನಾನೇ ಮೊದಲು ಹೇಳಬೇಕಿತ್ತು, ಯಾಕಂದರೆ ಗೇಟಿಗೂ ಸಿಗ್ನಲಿಗೂ ಗಂಟು ಉಂಟು. ಇಂಟರ್‌ಲಾಕ್ ಆದ ಗೇಟಿನಲ್ಲಿ ಕಂಬ ಬಿದ್ದು ಬೀಗ ಬಿದ್ದ ಮೇಲೆಯೇ ಗಾಡಿಗೆ ದಾರಿ ಕೊಡಲು ಆಗುವುದು. ಯಾವನೋ ಸ್ಕೂಟರಿನವನು ಕೊನೆಯ ಗಳಿಗೆಯಲ್ಲಿ ನುಗ್ಗಿ ಗೇಟು ಹಾಕಲು ಬಿಡದಿದ್ದರೆ ದೊಡ್ಡ ಗಾಡಿ ಕೆಂಪು ಕಂಡು ಬ್ರೇಕ್ ಹಾಕುತ್ತದೆ. ಅದು ಮತ್ತೆ ವೇಗಕ್ಕೆ ಬರುವಷ್ಟರಲ್ಲಿ ಮೂರು ನಿಮಿಷ ಹೋಯಿತು. ಆ ಮೂರು ನಿಮಿಷವನ್ನು ಕಟ್ಟುವುದು ಬದಿ ಹಳಿಯಲ್ಲಿ ಕೂತ ನಮ್ಮ ಎಡ ಕಿಟಕಿ ಅಮ್ಮ.

ಗೇಟಿನ ಮೇಲೆ ಸೇತುವೆ ಕೇಳುವವರು ಒಂದು ಅಂಕಿ ನೆನಪಿಡಿ. ಒಂದು ದಿನದಲ್ಲಿ ಗೇಟು ದಾಟುವ ವಾಹನ ಮತ್ತು ಹಾದುಹೋಗುವ ರೈಲು, ಇವೆರಡನ್ನು ಗುಣಿಸಿ ಒಂದು ಲೆಕ್ಕ ಇಡುತ್ತಾರೆ. ಅದು 1 ಲಕ್ಷ ದಾಟಿದರೆ ಮೇಲ್ಸೇತುವೆಯ ಖರ್ಚನ್ನು ರೈಲ್ವೆಯೂ ರಾಜ್ಯವೂ ಹಂಚಿಕೊಳ್ಳುವ ಪಟ್ಟಿಗೆ ಅರ್ಹತೆ ಬರುತ್ತದೆ. ರೈಲು ಹೆಚ್ಚಾದರೆ ಈ ಲೆಕ್ಕವೂ ಏರುತ್ತದೆ. ನಿಮಗೆ ತೊಂದರೆ ಕೊಡುವ ರೈಲೇ ನಿಮ್ಮ ಸೇತುವೆಗೆ ಸಾಕ್ಷಿ ಹೇಳುತ್ತದೆ, ಅಲ್ವಾ?

ಎಡ ಕಿಟಕಿ:

ಕೈಕಂಬದವರೇ, ಸಂಕದ ಉದಾಹರಣೆ ಗಾಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಒಬ್ಬ ಅಜ್ಜ ನಕ್ಕು ನಕ್ಕು ಸುಸ್ತು. ಆದರೆ ನೀವು ಆಟೋಮ್ಯಾಟಿಕ್ ಬಂದರೂ ನಮಗೆ ಸಿಗುವುದಿಲ್ಲ ಅಂತ ಹೇಳಿ ಬಿಟ್ಟುಬಿಟ್ಟಿರಿ. ಹಾಗಾದರೆ ಮನವಿಯಲ್ಲಿ ಬರೆಯುವುದೇನು? "ಎಲ್ಲ ಸರಿ ಉಂಟು, ನಮಸ್ಕಾರ" ಅಂತಲಾ?

ಮತ್ತೊಂದು. ಈ ವಾರ ಮೊದಲಿನ ಕಾಯುವಿಕೆ, ಆಮೇಲಿನದ್ದು ಬೇರೆ ಬೇರೆ ಬರೆದೆ. ಆಮೇಲಿನದ್ದು ದಿನಾ ಆರಕ್ಕೆ ಹತ್ತಿರ. ಮೊದಲಿನದ್ದು ಮಾತ್ರ ಏಳೂ ಉಂಟು, ಹನ್ನೊಂದೂ ಉಂಟು.

ಕೈಕಂಬ:

ನಿಮ್ಮ ಎರಡನೇ ಮಾತಿನಲ್ಲೇ ಉತ್ತರ ಉಂಟು. ಆಮೇಲಿನದ್ದು ಬದಲಾಗುವುದಿಲ್ಲ, ಯಾಕಂದರೆ ಅದು ಹಳಿಯ ಉದ್ದ. ಮೊದಲಿನದ್ದು ಏರುಪೇರಾಗುವುದು ಹಿಂದಿನ ಗಾಡಿ ಹೊತ್ತಿಗೆ ಬಾರದೆ. ಹಾಗಾಗಿ ಎರಡಕ್ಕೂ ಮದ್ದು ಬೇರೆ.

ಮೊದಲು ಸುಲಭದ್ದು. ಆಮೇಲಿನ ಆರು ನಿಮಿಷಕ್ಕೆ ಇಡೀ ಮಾರ್ಗದ ಸಿಗ್ನಲ್ ಬದಲಿಸಬೇಕಾಗಿಲ್ಲ. ಇಂಟರ್‌ಮೀಡಿಯೆಟ್ ಬ್ಲಾಕ್ ಸಿಗ್ನಲ್ ಅಂತ ಒಂದು ಉಂಟು. ಐಬಿಎಸ್ ಅನ್ನುತ್ತೇವೆ. ಎರಡು ಸ್ಟೇಷನ್‌ಗಳ ನಡುವಿನ ಉದ್ದ ತುಂಡನ್ನು ಮಧ್ಯದಲ್ಲಿ ಒಂದು ಸಿಗ್ನಲ್ ಇಟ್ಟು ಎರಡು ಮಾಡುವುದು. ಅಲ್ಲಿ ಕಟ್ಟಡ ಬೇಡ, ಮಾಸ್ಟರು ಬೇಡ, ಹಿಂದಿನ ಸ್ಟೇಷನ್ನಿನಿಂದಲೇ ನಡೆಸಬಹುದು. ಸಂಕದ ಮಧ್ಯ ಒಂದು ಬಂಡೆ ಸಿಕ್ಕಿದ ಹಾಗೆ. ಮುಂದಿನವನು ಬಂಡೆ ದಾಟಿದರೆ ಸಾಕು, ನೀವು ಹತ್ತಬಹುದು. ಆರು ನಿಮಿಷ ಮೂರಕ್ಕೋ ನಾಲ್ಕಕ್ಕೋ ಬರುತ್ತದೆ. ಆಟೋಮ್ಯಾಟಿಕ್‌ನ ಮುಂದೆ ಇದು ಸಣ್ಣ ಖರ್ಚು. ಮನವಿಯಲ್ಲಿ ಇದನ್ನು ಹೆಸರು ಹಿಡಿದು ಬರೆಯಿರಿ. "ಸಿಗ್ನಲ್ ಸುಧಾರಿಸಿ" ಅಂತ ಬರೆದ ಕಾಗದ ಫೈಲಿಗೆ ಹೋಗುತ್ತದೆ. "ಇಂಥ ಎರಡು ಸ್ಟೇಷನ್‌ಗಳ ನಡುವೆ ಐಬಿಎಸ್ ಬೇಕು" ಅಂತ ಬರೆದರೆ ಯಾರಾದರೂ ಒಬ್ಬ ಉತ್ತರ ಕೊಡಲೇಬೇಕಾಗುತ್ತದೆ.

ಪಾಯಿಂಟಿನ ವೇಗವನ್ನೂ ಕೇಳಿ. ಬದಿ ಹಳಿಗೆ ತಿರುಗುವ ಜಾಗದಲ್ಲಿ 15ರ ವೇಗವೋ 30ರ ವೇಗವೋ ಅಂತ. 300 ಮೀಟರ್ ಉದ್ದದ ಗಾಡಿ 15ರಲ್ಲಿ ತನ್ನ ಉದ್ದ ಎಳೆದುಕೊಳ್ಳಲು 72 ಸೆಕೆಂಡ್, 30ರಲ್ಲಿ 36. ಒಳಗೆ ಹೋಗುವಾಗಲೂ ಉಳಿಯಿತು, ಹೊರಗೆ ಬರುವಾಗಲೂ ಉಳಿಯಿತು. ಸಣ್ಣದು ಅಂತ ಕಾಣುತ್ತದೆ. ನಿಮ್ಮ ಬಸ್ಸು ತಪ್ಪುವುದೂ ಇಂಥ ಸಣ್ಣದರಲ್ಲೇ ಅಲ್ವಾ?

ಮೊದಲಿನ ಹನ್ನೊಂದು ನಿಮಿಷದ್ದು ಕಷ್ಟ. ನೇತ್ರಾವತಿ ಸೇತುವೆಯ ಆಚೆ ಹಳಿ ಎರಡಾಗಿ ಒಡೆಯುತ್ತದೆ. ಒಂದು ಮಂಗಳೂರು ಸೆಂಟ್ರಲ್‌ಗೆ, ಒಂದು ಜಂಕ್ಷನ್‌ಗೆ. ನೀವು ಸೆಂಟ್ರಲ್ ಕಡೆಯಿಂದ ಬರುತ್ತೀರಿ. ಕೊಂಕಣದ ಗಾಡಿಗಳು ಜಂಕ್ಷನ್ ಕಡೆಯಿಂದ ಬಂದು ಅಲ್ಲಿ ಸೇರುತ್ತವೆ. ಕೊಂಕಣ ಮಾರ್ಗ 1998ರಲ್ಲಿ ತೆರೆದದ್ದು, ಬಹುಪಾಲು ಇವತ್ತಿಗೂ ಒಂಟಿ ಹಳಿ. ರತ್ನಗಿರಿಯ ಹತ್ತಿರ ಎಲ್ಲೋ ಎದುರು ಗಾಡಿಗೆ ಕಾದು ತಡವಾದದ್ದು ಇಲ್ಲಿ ನಿಮ್ಮ ಹೊಟ್ಟೆಗೆ ಬರುತ್ತದೆ. ಅದಕ್ಕೆ ಇಲ್ಲಿಯ ಸಿಗ್ನಲ್ ಏನೂ ಮಾಡಲಾರದು. ವೇಳಾಪಟ್ಟಿಯಲ್ಲಿ ನಿಮ್ಮನ್ನು ಹತ್ತು ನಿಮಿಷ ಮೊದಲು ಬಿಡಲು ಆಗುತ್ತದಾ ಅಂತ ಕೇಳಬಹುದು. ಆಗ ಹಿಂದೆ ಹಾಕಿಸಿಕೊಳ್ಳುವ ಜಾಗ ನಿಮ್ಮ ಊರಿನ ಆಚೆಗೆ ಹೋಗುತ್ತದೆ. ಕಾಸರಗೋಡಿನವರು ನನ್ನನ್ನು ಬೈಯಬಾರದು.

ಒಂದು ಮಾತು ಸಿಗ್ನಲಿನವನಾಗಿ ಹೇಳಲೇಬೇಕು. ಸಿಗ್ನಲ್ ಹೆಚ್ಚಾದರೆ ಕೆಡುವುದೂ ಹೆಚ್ಚು. ಈ ಕರಾವಳಿಯ ಉಪ್ಪು ಗಾಳಿ, ಜೂನ್ ತಿಂಗಳ ಮಳೆ. ಹಳಿಯಲ್ಲೇ ಕರೆಂಟು ಹರಿಸಿ ಗಾಡಿ ಇದೆಯಾ ಇಲ್ಲವಾ ಅಂತ ನೋಡುವ ಟ್ರ್ಯಾಕ್ ಸರ್ಕ್ಯೂಟು ಜಲ್ಲಿಯಲ್ಲಿ ನೀರು ನಿಂತರೆ ಗಾಡಿ ಇಲ್ಲದಿದ್ದರೂ ಇದೆ ಅನ್ನುತ್ತದೆ. ದೀಪ ಕೆಂಪು. ಕೆಟ್ಟರೆ ಕೆಂಪಿಗೇ ಕೆಡಬೇಕು, ಹಸಿರಿಗೆ ಕೆಡಬಾರದು ಅನ್ನುವುದು ನಮ್ಮ ಇಡೀ ಕಸುಬು. ಒಂದು ರಾತ್ರಿ ಮಳೆಯಲ್ಲಿ ಎರಡು ಗಂಟೆ ಹುಡುಕಿದೆ, ಕೊನೆಗೆ ಪೆಟ್ಟಿಗೆಯೊಳಗೆ ತಂತಿಗೆ ಅಂಟಿ ಸತ್ತ ಹಲ್ಲಿ. ಅಷ್ಟು ಹೊತ್ತು ಒಂದು ಗಾಡಿಯ ಜನವೆಲ್ಲ ಕಿಟಕಿಯಿಂದ ನನ್ನ ಟಾರ್ಚ್ ನೋಡಿ ಬೈದರು. ಆಟೋಮ್ಯಾಟಿಕ್ ಕಂಬವಾದರೆ ಚಾಲಕ ಹಗಲಲ್ಲಿ ಒಂದು ನಿಮಿಷ, ರಾತ್ರಿ ಎರಡು ನಿಮಿಷ ನಿಂತು ಮೆಲ್ಲ ಮುಂದೆ ಹೋಗಬಹುದು. ನನ್ನ ಕಂಬ ಅಂಥದ್ದಾಗಿರಲಿಲ್ಲ.

ಪಾಣತ್ತೂರು ಬಸ್:

ನೀವು ಎರಡು ಹಳಿ ಇಟ್ಟುಕೊಂಡು ಗಲಾಟೆ ಮಾಡುತ್ತೀರಿ. ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯದ ಮೇಲೆ ಕಾಣಿಯೂರಿಗೆ ಒಂದು ಹಳಿಯಾದರೂ ಬರಲಿ ಅಂತ ನಾವು ಕಾಯುತ್ತಾ ಕೂತಿದ್ದೇವೆ. 91 ಕಿಲೋಮೀಟರ್. ಸರ್ವೆ ಆಗಿ ಕೂದಲು ಹಣ್ಣಾಯಿತು.

ಕೈಕಂಬ:

ಬಂದರೆ ಒಂಟಿ ಹಳಿಯೇ ಬಂದೀತು. ಆಗ ಒಂದೇ ಹಟ ಹಿಡಿಯಿರಿ: ಗಾಡಿಗಳು ಎದುರುಬದುರಾಗುವ ಸ್ಟೇಷನ್ ಹತ್ತಿರ ಹತ್ತಿರ ಇರಲಿ. ನಮ್ಮ ಹಳೆಯ ಸೂತ್ರ ಹೇಳುತ್ತೇನೆ. ದಿನದ 1440 ನಿಮಿಷ. ಅತಿ ಉದ್ದದ ತುಂಡು ದಾಟಲು ನಿಧಾನದ ಗಾಡಿಗೆ 15 ನಿಮಿಷ, ಲೈನ್ ಕ್ಲಿಯರಿನ ಕೆಲಸಕ್ಕೆ 5. ಒಟ್ಟು 20. ಭಾಗಿಸಿದರೆ 72. ಅದರಲ್ಲಿ ನೂರಕ್ಕೆ 70 ಮಾತ್ರ ನಿಜವಾಗಿ ಸಿಗುವುದು. ಎರಡೂ ದಿಕ್ಕು ಸೇರಿ 50 ಗಾಡಿ. ಆ ಒಂದು ತುಂಡು 25 ನಿಮಿಷದ್ದಾದರೆ 33ಕ್ಕೆ ಇಳಿಯಿತು. ಉಳಿದ ಮಾರ್ಗ ಎಷ್ಟೇ ಚೆನ್ನಾಗಿರಲಿ, ಇಡೀ ಮಾರ್ಗದ ಹಣೆಬರಹ ಆ ಒಂದು ತುಂಡಿನಲ್ಲಿ. ಖರ್ಚು ಉಳಿಸಲು ಮೊದಲು ಕತ್ತರಿ ಬೀಳುವುದು ಈ ಸ್ಟೇಷನ್‌ಗಳಿಗೇ.

ಎಡ ಕಿಟಕಿ:

ಇವತ್ತು ಮನವಿಯ ಕರಡು ಬರೆದೆವು. ಬೇರೆ ಎಲ್ಲಿ, ಅದೇ ಬದಿ ಹಳಿಯಲ್ಲಿ ನಿಂತ ಗಾಡಿಯಲ್ಲಿ. ಐಬಿಎಸ್, ಪಾಯಿಂಟಿನ ವೇಗ, ಹತ್ತು ನಿಮಿಷ ಮೊದಲು ಹೊರಡುವುದು, ಸೋಗೆಯವರ ಗೇಟು. ಅಜ್ಜ ಸಂಕದ ಮಾತೂ ಸೇರಿಸಿ ಅಂತ ಹಟ ಹಿಡಿದರು. ಸೇರಿಸಿದೆವು. ಎರಡನೇ ಪುಟದ ಅರ್ಧಕ್ಕೆ ಬರುವಾಗ ಹಳದಿ ಬಿತ್ತು. ಗಾಡಿ ಅಲುಗಿ ಕೊನೆಯ ಸಾಲು ಸೊಟ್ಟ ಆಗಿದೆ. ನಾಳೆ ಮುಗಿಸುತ್ತೇವೆ, ಅದೇ ಜಾಗದಲ್ಲಿ.